ಖತೀಜಾ ಬೀ ತಟ್ಟಿದ ಸುಣ್ಣದ ರೊಟ್ಟಿ

ಖತೀಜಾ ಬೀಯ ಬೆರಳ ತುದಿಗೆ ಬಿಸಿ ತಾಗುತ್ತಿರಲಿಲ್ಲ. ಶಿಡ್ಲಘಟ್ಟದಲ್ಲಿ ಅಪ್ಪನ ಚರಕದ ಮುಂದೆ ಕೂತು, ಕುದಿನೀರಿನಲ್ಲಿ ತೇಲುವ ರೇಷ್ಮೆಗೂಡುಗಳಿಂದ ಎಳೆ ಹುಡುಕಿ ಹುಡುಕಿ ಬೆಳೆದವಳು ಅವಳು. ಲಂಗ ಹಾಕುವ ವಯಸ್ಸಿನಿಂದ ಆ ನೀರಿಗೆ ಅದ್ದಿದ ಬೆರಳುಗಳು ಮೊದಲು ಬೆಳ್ಳಗಾದವು, ಆಮೇಲೆ ಸುಕ್ಕಾದವು, ಕೊನೆಗೆ ಜಡ್ಡುಗಟ್ಟಿದವು. ಮುಂದೆ ಅಡುಗೆಯವಳಾದ ಮೇಲೆ ಕಾದ ಕಾವಲಿಯಿಂದ ರೊಟ್ಟಿಯನ್ನು ಬರಿಗೈಯಲ್ಲೇ ಮಗುಚುತ್ತಿದ್ದಳು. ನೋಡಿದವರು ಹೌಹಾರಿದರೆ, "ಇದು ನನ್ನ ಕೈ ಅಲ್ಲಪ್ಪ, ಚರಕದ ಕೈ" ಅನ್ನುತ್ತಿದ್ದಳು.

ಅವಳನ್ನು ಚಿಂತಾಮಣಿಯ ವಜೀರ್‌ಗೆ ಕೊಟ್ಟಿದ್ದರು. ಗೂಡಿನ ಮೂಟೆ ಸಾಗಿಸುವ ಟೆಂಪೋ ಓಡಿಸುತ್ತಿದ್ದವನು. ಕೆಟ್ಟವನೇನಲ್ಲ, ಮಾತು ಕಡಿಮೆ. 1981ರ ಮಳೆಗಾಲದಲ್ಲಿ ಖತೀಜಾಗೆ ನೋವು ಬಂದಾಗ ಅದೇ ಟೆಂಪೋದಲ್ಲಿ ಮಲಗಿಸಿಕೊಂಡು, ಶಿಡ್ಲಘಟ್ಟಕ್ಕೂ ಚಿಂತಾಮಣಿಗೂ ನಡುವೆ ರಸ್ತೆ ಬದಿಯಲ್ಲಿದ್ದ ಕನ್ಯಾಸ್ತ್ರೀಯರ ಸಣ್ಣ ಆಸ್ಪತ್ರೆಗೆ ತಂದ. ಮಗು ಸತ್ತೇ ಹುಟ್ಟಿತು. ಇನ್ನು ಮಕ್ಕಳಾಗುವ ಹಾಗಿಲ್ಲ ಅಂತಲೂ ಹೇಳಿದರು.

ಅತ್ತೆ, ನಾದಿನಿ ಎಲ್ಲರೂ "ಅವಳಿಗೆ ಮಗೂನ ತೋರಿಸಬೇಡಿ" ಅಂದರು. ಒಬ್ಬರು ಮಾತ್ರ ಕೇಳಲಿಲ್ಲ. ಹೆರಿಗೆ ಮಾಡಿಸಿದ ಸಿಸ್ಟರು ಮಗುವನ್ನು ಬಿಸಿನೀರಿನಲ್ಲಿ ತೊಳೆದು, ಬಿಳಿ ಬಟ್ಟೆಯಲ್ಲಿ ಸುತ್ತಿ ತಂದು, ಬದುಕಿದ ಮಗುವನ್ನು ಕೊಡುವ ಹಾಗೆಯೇ ಖತೀಜಾಳ ತೋಳಿಗೆ ಕೊಟ್ಟರು. "ಎಷ್ಟು ಹೊತ್ತು ಬೇಕೋ ಇಟ್ಕೋಮ್ಮ. ಯಾರೂ ಕೇಳಲ್ಲ" ಅಂದರು. ಬಾಗಿಲಿಗೆ ಅಡ್ಡ ಕುರ್ಚಿ ಹಾಕಿಕೊಂಡು ತಾವೇ ಕೂತರು.

ಅವರ ಹೆಸರು ಗ್ವಾದಲೂಪೆ. ಅದು ಯಾರ ಬಾಯಿಗೂ ಬರದೆ ಊರವರೆಲ್ಲ ಲೂಪಮ್ಮ ಅನ್ನುತ್ತಿದ್ದರು. ಮೆಕ್ಸಿಕೋ ದೇಶದ ಯಾವುದೋ ಬೆಟ್ಟದ ಹಳ್ಳಿಯಿಂದ ಹುಡುಗಿಯಾಗಿದ್ದಾಗಲೇ ಬಂದವರು, ಮತ್ತೆ ಹೋಗಲಿಲ್ಲ. ಕುಳ್ಳಗೆ, ಗೋಧಿ ಬಣ್ಣಕ್ಕೆ ಇದ್ದುದರಿಂದ ತಲೆಯ ಬಟ್ಟೆ ತೆಗೆದರೆ ಸಾದಲಿಯ ಸಂತೆಗೆ ಬಂದ ಗೌಡತಿಯೇ ಅನ್ನಬೇಕು. ಕನ್ನಡ ಆಡುತ್ತಿದ್ದರು, ನಡುವೆ ತೆಲುಗು ಬೆರೆಸುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ಅವರದೇ ಭಾಷೆ.

ಎರಡು ವರ್ಷ ಕಳೆದು ವಜೀರ್ ಚಿಂತಾಮಣಿಯಲ್ಲೇ ಇನ್ನೊಂದು ನಿಕಾಹ್ ಮಾಡಿಕೊಂಡ. ಖತೀಜಾ ಜಗಳವಾಡಲಿಲ್ಲ. ಒಂದು ಟ್ರಂಕು ಹಿಡಿದು ಬಸ್ಸು ಹತ್ತಿದವಳು ತವರಿನ ತನಕ ಹೋಗದೆ ಆಸ್ಪತ್ರೆಯ ಹತ್ತಿರವೇ ಇಳಿದುಬಿಟ್ಟಳು. ಲೂಪಮ್ಮ ಏನೂ ಕೇಳದೆ ಅಡುಗೆಮನೆ ತೋರಿಸಿದರು.

ಆ ಅಡುಗೆಮನೆಯಲ್ಲೇ ರೊಟ್ಟಿಯ ಕಥೆ ಶುರುವಾದದ್ದು.

ಸಾದಲಿ ಕಡೆಯ ರೈತ ಮುನಿವೆಂಕಟಪ್ಪನ ಹೆಂಡತಿಗೆ ಲೂಪಮ್ಮ ಕಷ್ಟದ ಹೆರಿಗೆಯೊಂದನ್ನು ಮಾಡಿಸಿದ್ದರು. ಆ ಋಣಕ್ಕೆ ಅವನು ಒಂದು ಚೀಲ ಮುಸುಕಿನ ಜೋಳ ತಂದು ಅಡುಗೆಮನೆಯ ಮೆಟ್ಟಿಲ ಮೇಲೆ ಇಳಿಸಿದ. ಹಳದಿಯದಲ್ಲ, ಅವನ ಅಜ್ಜನ ಕಾಲದಿಂದ ಹೊಲದ ಅಂಚಿನಲ್ಲಿ ಹಾಕುತ್ತ ಬಂದಿದ್ದ ಬಿಳಿ ಕಾಳಿನದು. ಲೂಪಮ್ಮ ಒಂದು ಹಿಡಿ ತೆಗೆದು ಮೂಗಿನ ಹತ್ತಿರ ಹಿಡಿದರು. ಹಿಡಿದವರು ಕೆಳಗಿಳಿಸಲೇ ಇಲ್ಲ.

"ಏನಮ್ಮ, ಹುಳ ಬಿದ್ದೈತಾ?" ಮುನಿವೆಂಕಟಪ್ಪ ಗಾಬರಿಯಾದ.

"ಇಲ್ಲಪ್ಪ. ನಮ್ಮೂರಲ್ಲಿ ಇದೇ ಅನ್ನ" ಅಂದರು ಲೂಪಮ್ಮ. ಆಮೇಲೆ ಖತೀಜಾಳ ಕಡೆ ತಿರುಗಿ, "ಇದನ್ನ ಸುಣ್ಣದ ನೀರಲ್ಲಿ ಬೇಯಿಸಬೇಕು ಕಣೇ. ರಾತ್ರಿಯೆಲ್ಲ ಹಾಗೇ ಬಿಟ್ಟು, ಬೆಳಿಗ್ಗೆ ಸಿಪ್ಪೆ ಉಜ್ಜಿ ತೊಳೆದು, ಕಲ್ಲ ಮೇಲೆ ಅರೆದು ರೊಟ್ಟಿ ತಟ್ಟಬೇಕು" ಅಂದರು.

"ಸುಣ್ಣದಲ್ಲಾ?" ಮುನಿವೆಂಕಟಪ್ಪ ತಲೆಯ ಟವೆಲು ತೆಗೆದು ಕೊಡವಿದ. "ತಿನ್ನಕ್ಕೋ ಗೋಡೆಗೆ ಬಳಿಯಕ್ಕೋ?"

ಖತೀಜಾ ನಗಲಿಲ್ಲ. ಲೂಪಮ್ಮ ಬಾಯಿಬಿಟ್ಟು ಏನನ್ನಾದರೂ ಬೇಕು ಅಂದದ್ದನ್ನು ಅವಳು ಕೇಳಿದ್ದು ಅದೇ ಮೊದಲು. ಮಗುವನ್ನು ತೊಳೆದು ತಂದುಕೊಟ್ಟ ಆ ಕೈಗಳಿಗೆ ತಾನು ಕೊಡಬಹುದಾದ್ದು ಲೋಕದಲ್ಲಿ ಒಂದಾದರೂ ಇದೆಯಲ್ಲ ಅನ್ನಿಸಿತು ಅವಳಿಗೆ. ನಮಾಜಿಗೆ ಮುಂಚಿನ ಸಂಕಲ್ಪದ ಹಾಗೆ ಮನಸ್ಸಿನಲ್ಲೇ ನಿಯತ್ತು ಮಾಡಿಕೊಂಡಳು. ಲೂಪಮ್ಮನ ಅಮ್ಮ ಮಾಡುತ್ತಿದ್ದ ರೊಟ್ಟಿಯನ್ನೇ ಅವರ ಬಾಯಿಗೆ ಹಾಕಬೇಕು, ಅದರ ಹಾಗಿರುವುದನ್ನಲ್ಲ, ಅದನ್ನೇ.

ಮೊದಲ ಸಲ ಅವಳು ಮಾಡಿದ ತಪ್ಪನ್ನು ಶಿಡ್ಲಘಟ್ಟದವರು ಮಾತ್ರ ಮಾಡಬಲ್ಲರು. ಸುಣ್ಣ ಅಂದ ಕೂಡಲೆ ಅವಳಿಗೆ ಕಂಡದ್ದು ಹುಳು ಸಾಕುವ ಮನೆಯ ಸುಣ್ಣ. ರೇಷ್ಮೆಹುಳು ಪೊರೆ ಬಿಡಲು ಜ್ವರಕ್ಕೆ ಕೂತಾಗ ತಟ್ಟೆಯ ಮೇಲೆ ಉದುರಿಸುತ್ತಾರಲ್ಲ, ಆ ಪುಡಿ. ಪಕ್ಕದ ಹಳ್ಳಿಯಿಂದ ಡಬ್ಬದ ತುಂಬ ತಂದಳು. ಅದಕ್ಕೆ ಬ್ಲೀಚಿಂಗ್ ಪೌಡರ್ ಬೆರೆಸಿರುತ್ತಾರೆ ಅನ್ನುವುದು ಆ ಹೊತ್ತಿಗೆ ಹೊಳೆಯಲೇ ಇಲ್ಲ. ಪಾತ್ರೆಯ ಮುಚ್ಚಳ ತೆಗೆದರೆ ಇಡೀ ವಾರ್ಡಿಗೆ ಹುಳುಮನೆಯ ವಾಸನೆ ಹಬ್ಬಿತು. ನರ್ಸ್ ಶ್ಯಾಮಲಮ್ಮ ಮೂಗು ಮುಚ್ಚಿಕೊಂಡು ಓಡಿ ಬಂದಳು.

"ಏನೇ ಖತೀಜಾ, ಬಾಣಂತಿಯರಿಗೆ ಸೊಪ್ಪು ಹಾಕಿ ಗೂಡು ಕಟ್ಟಿಸ್ತೀಯಾ?"

ಲೂಪಮ್ಮ ಬೊಗಸೆಯಲ್ಲಿ ಆ ಜೋಳ ಹಿಡಿದು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಆಮೇಲೆ ಗುಂಡಿ ತೋಡಿಸಿ ಎಲ್ಲವನ್ನೂ ಮುಚ್ಚಿಸಿದರು, ಕೋಳಿ ತಿಂದಾವು ಅಂತ.

ಎರಡನೇ ಸಲ ಎಲೆಯಡಿಕೆಗೆ ಹಾಕುವ ಸುಣ್ಣ ತಂದಳು. ಜೋಳ ಬೆಂದು ಹಳದಿಗೆ ತಿರುಗಿತು, ಸಿಪ್ಪೆ ಲೋಳೆಲೋಳೆಯಾಗಿ ಬಿಟ್ಟುಕೊಂಡಿತು. ತಮ್ಮ ಅಮ್ಮನ ಅರೆಯುವ ಕಲ್ಲಿಗೆ ಮೂರು ಕಾಲಿತ್ತು, ಮುಂದಕ್ಕೆ ಇಳಿಜಾರಾಗಿತ್ತು ಅಂತ ಲೂಪಮ್ಮ ಹೇಳಿದ್ದಕ್ಕೆ, ಖತೀಜಾ ಅಡುಗೆಮನೆಯ ಕಲ್ಲಿನ ಒಂದು ತುದಿಗೆ ಇಟ್ಟಿಗೆ ಕೊಟ್ಟು ಎತ್ತರಿಸಿಕೊಂಡು ಮಂಡಿಯೂರಿ ಅರೆದಳು. ಅಂಗೈಯಗಲ ತಟ್ಟಿ ಕಾವಲಿಗೆ ಹಾಕಿದಾಗ ರೊಟ್ಟಿ ಪುಸ್ಸನೆ ಉಬ್ಬಿತು.

"ನಮ್ಮ ಕಡೆ, ರೊಟ್ಟಿ ಉಬ್ಬಿದ್ರೆ ಹುಡುಗಿ ಮದುವೆಗೆ ಬಂದಳು ಅಂತಾರೆ" ಅಂದರು ಲೂಪಮ್ಮ.

"ನನಗೆ ಆ ಪರೀಕ್ಷೆ ತಡವಾಯ್ತಲ್ಲ ಸಿಸ್ಟರಮ್ಮ" ಅಂದಳು ಖತೀಜಾ.

ಲೂಪಮ್ಮ ರೊಟ್ಟಿ ಮುರಿದು ಬಾಯಿಗೆ ಹಾಕಿ, ಕಣ್ಣುಮುಚ್ಚಿ, ಬಹಳ ಹೊತ್ತು ಅಗಿದರು.

"ಬಂತಾ ಅಮ್ಮಾ?"

"ಹತ್ತಿರ ಬಂತು" ಅಂದರು ಲೂಪಮ್ಮ.

ಆಮೇಲೆ ಪ್ರತಿ ವರ್ಷ ಜೋಳದ ಸುಗ್ಗಿ ಮುಗಿದ ಮೇಲೆ ಒಂದು ದಿನ ಆ ಅಡುಗೆಮನೆಯ ಮೆಟ್ಟಿಲ ಮೇಲೆ ಮೆಕ್ಸಿಕೋ ಇಳಿಯುತ್ತಿತ್ತು. ಅದಕ್ಕೆ ಬೇಕಾದ್ದು ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಲೂಪಮ್ಮ ಬಿಳಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹಿಪ್ಪುನೇರಳೆ ತೋಟದ ಬದುಗಳಲ್ಲಿ ಹುಡುಕುತ್ತಿದ್ದರು. ಕಳೆಯ ಜೊತೆ ಕಿತ್ತೆಸೆಯುವ ಬುಡ್ಡೆಹಣ್ಣಿನ ಗಿಡ ಕಂಡರೆ ನೆಲಕ್ಕೆ ಕೂತೇಬಿಡುತ್ತಿದ್ದರು. ಮಕ್ಕಳು ಹಣೆಗೆ ಟಪ್ಪೆಂದು ಒಡೆದುಕೊಂಡು ಆಡುವ ಆ ಬುಡ್ಡೆಯೊಳಗಿನ ಹಸಿರು ಕಾಯಿಯನ್ನು ಬೂದಿಯಲ್ಲಿ ಸುಟ್ಟು, ಹಸಿಮೆಣಸಿನಕಾಯಿ, ಬೆಳ್ಳುಳ್ಳಿ, ಕೊತ್ತಂಬರಿ ಸೇರಿಸಿ ಖತೀಜಾ ಚಟ್ನಿ ಅರೆಯುತ್ತಿದ್ದಳು. ಬೇಲಿಯ ಪಾಪಾಸುಕಳ್ಳಿಯ ಎಳೆಯ ಹಾಳೆಯನ್ನು ಮುಳ್ಳು ಸವರಿ, ಸೀಳಿ, ಹುರಿದು ಪಲ್ಯ. ಅಲಸಂದೆ ಕಾಳನ್ನು ಮೆತ್ತಗೆ ಬೇಯಿಸಿ, ಕಿವುಚಿ, ಎಣ್ಣೆಯಲ್ಲಿ ಬಾಡಿಸಿದರೆ ಅದಕ್ಕೊಂದು ಜೊತೆ.

ಮೊದಲ ವರ್ಷ ಯಾರೂ ಮುಟ್ಟಲಿಲ್ಲ. ಕಳ್ಳಿ ಪಲ್ಯ ಅಂದರೆ ಮುನಿವೆಂಕಟಪ್ಪ ದೂರದಿಂದಲೇ ಕೈಮುಗಿದ. "ಅಮ್ಮಾ, ನಮ್ಮ ಮೇಕೇನೇ ತಿನ್ನಲ್ಲ ಅದನ್ನ." ಮುಂದಿನ ವರ್ಷ ಒಂದು ತುಂಡು ತಿಂದ. ಅದರ ಮುಂದಿನ ವರ್ಷ ಹೆಂಡತಿ ವೆಂಕಟರತ್ನಮ್ಮನನ್ನೂ ಗಾಡಿಯಲ್ಲಿ ಕರೆದುಕೊಂಡು ಬಂದ, ಚಟ್ನಿಗೆ ಅಂತಲೇ. ಶ್ಯಾಮಲಮ್ಮ, ಆಯಾಗಳು, ಬಾಣಂತಿಯರ ಜೊತೆಗೆ ಬಂದವರು ಎಲ್ಲರೂ ಕೈಯಲ್ಲಿ ರೊಟ್ಟಿ ಮಡಚಿಕೊಂಡು ನಿಂತೇ ತಿನ್ನುತ್ತಿದ್ದರು.

ಖತೀಜಾ ಮಾತ್ರ ಲೂಪಮ್ಮನ ಬಾಯನ್ನೇ ನೋಡುತ್ತಿದ್ದಳು.

"ಬಂತಾ?"

"ಈ ಸಲ ಇನ್ನೂ ಹತ್ತಿರ ಬಂತು ಕಣೇ."

ಎಲ್ಲಿ ತಪ್ಪುತ್ತಿದೆ ಅಂತ ಅವಳು ವರ್ಷವೆಲ್ಲ ಯೋಚಿಸುತ್ತಿದ್ದಳು. ಸುಣ್ಣ ಬದಲಿಸಿದಳು, ನೀರು ಬದಲಿಸಿದಳು, ಹುಣಸೆ ಸೌದೆ ಬಿಟ್ಟು ಹಿಪ್ಪುನೇರಳೆ ಕಡ್ಡಿ ಉರಿಸಿದಳು. ಒಂದು ವರ್ಷ ಕಬ್ಬಿಣದ ಕಾವಲಿ ಬೇಡ ಅಂತ ಗೌರಿಬಿದನೂರಿನ ಕಡೆಯ ಕುಂಬಾರರಿಂದ ಮಣ್ಣಿನ ಹೆಂಚು ತರಿಸಿದಳು. ತವರಿನ ಅಣ್ಣ ತಾಜ್ ಪಾಷಾ ಬಂದವನು ರೇಗಿಸಿದ. "ನಮಗೆ ಒಂದು ದಿನ ನೆಟ್ಟಗೆ ಬಿರಿಯಾನಿ ಮಾಡಿ ಹಾಕ್ಲಿಲ್ಲ. ಕಾಣದ ದೇಶದ ರೊಟ್ಟಿಗೆ ಜೀವ ಬಿಡ್ತಾಳೆ."

"ಕಾಣದ್ದಕ್ಕೇ ಅಲ್ವಾ ಭಾಯ್, ಐದು ಹೊತ್ತು ತಲೆ ಬಗ್ಗಿಸೋದು" ಅಂದಳು ಖತೀಜಾ.

1994ರಲ್ಲಿ ಲೂಪಮ್ಮನ ದನಿ ಒಡೆಯಿತು. ನೆಗಡಿ ಅಂದುಕೊಂಡರು. ಬೆಂಗಳೂರಿಗೆ ಕರೆದುಕೊಂಡು ಹೋದ ಮೇಲೆ ಗಂಟಲಲ್ಲಿ ಗೆಡ್ಡೆ ಅಂತ ಗೊತ್ತಾಯಿತು. ಅಲ್ಲಿ ಗೆಡ್ಡೆ ಸುಡಲು ಕರೆಂಟು ಕೊಟ್ಟರು. ಕುತ್ತಿಗೆಯ ಚರ್ಮ ಸುಟ್ಟ ಬದನೆಕಾಯಿಯ ಹಾಗಾಯಿತು, ಗೆಡ್ಡೆ ಮಾತ್ರ ಹೋಗಲಿಲ್ಲ. ಇನ್ನು ಇಲ್ಲಿದ್ದು ಪ್ರಯೋಜನವಿಲ್ಲ, ನನ್ನನ್ನ ನಮ್ಮ ಆಸ್ಪತ್ರೆಗೇ ಕರ್ಕೊಂಡು ಹೋಗಿ ಅಂತ ಲೂಪಮ್ಮ ಹಟ ಹಿಡಿದರು. 1995ರ ಜನವರಿ ಕೊನೆಗೆ ಬಂದು, ಹೆರಿಗೆ ವಾರ್ಡಿನ ಪಕ್ಕದ ಸಣ್ಣ ಕೋಣೆಯಲ್ಲಿ ಮಲಗಿದರು. ಸೋಸಿದ ಗಂಜಿ, ಎಳನೀರು ಬಿಟ್ಟು ಏನೂ ಇಳಿಯುತ್ತಿರಲಿಲ್ಲ.

ರಂಜಾನ್ ಶುರುವಾಗಿತ್ತು. ಖತೀಜಾ ಎಂದೂ ರೋಜಾ ಉಪವಾಸ ತಪ್ಪಿಸಿದವಳಲ್ಲ.

ಒಂದು ಬೆಳಿಗ್ಗೆ ಹಾಸಿಗೆಯ ಬಟ್ಟೆ ಬದಲಿಸುವಾಗ ಲೂಪಮ್ಮ ಅವಳ ಮುಂಗೈ ಹಿಡಿದರು. "ಖತೀಜಾ, ಈ ವರ್ಷ ರೊಟ್ಟಿ ಮಾಡಲ್ವಾ?" ದನಿ ಹಳೆ ಬಾಗಿಲಿನ ಹಾಗೆ ಕಿರುಗುಟ್ಟುತ್ತಿತ್ತು.

"ನುಂಗಕ್ಕೆ ಆಗಲ್ಲ ಅಮ್ಮ ನಿಮಗೆ."

"ನುಂಗೋದು ಬೇಡ. ನಾಲಿಗೆ ಮೇಲೆ ಇಟ್ಕೋತೀನಿ."

ಈ ಸಲ ಲೂಪಮ್ಮನ ಬಾಯಿಂದ 'ಬಂತು' ಅನ್ನುವ ಮಾತು ಕೇಳದೆ ಹೋದರೆ ಇನ್ನೆಂದೂ ಕೇಳುವುದಿಲ್ಲ ಅಂತ ಖತೀಜಾಗೆ ಗೊತ್ತಾಯಿತು. ಆದರೆ ಬಿಳಿ ಜೋಳ ಎಲ್ಲಿತ್ತು? ಆ ವರ್ಷ ಮುನಿವೆಂಕಟಪ್ಪನ ದೊಡ್ಡ ಮಕ್ಕಳು ಕೋಳಿಫಾರಂಗೆ ಮಾರಲು ಹೊಲಕ್ಕೆಲ್ಲ ಹಳದಿ ಹೈಬ್ರಿಡ್ ಹಾಕಿದ್ದರು. ಖತೀಜಾ ಹೇಳಿಕಳಿಸಿದ ಮಾರನೆ ದಿನ ಮುನಿವೆಂಕಟಪ್ಪ ತಾನೇ ಬಂದ. ಟವೆಲಿನಲ್ಲಿ ಸುತ್ತಿದ ತೆನೆಗಳನ್ನು ಮೆಟ್ಟಿಲ ಮೇಲಿಟ್ಟ. ಹೊಗೆ ಹಿಡಿದು ಕಂದಾಗಿದ್ದವು.

"ಇದು ಬಿತ್ತನೆದಲ್ವೇನಣ್ಣ?" ಖತೀಜಾ ಕೇಳಿದಳು. ಬೀಜದ ತೆನೆಯನ್ನು ಒಲೆಯ ಮೇಲೆ ಹೊಗೆಯಲ್ಲಿ ತೂಗುಹಾಕುವುದು ಅವಳಿಗೆ ಗೊತ್ತು.

"ಹೂಂನಮ್ಮ."

"ಎಲ್ಲಾ ತಂದ್ಬಿಟ್ರಾ?"

"ಅರ್ಧ ಇಟ್ಕೊಂಡು ಏನ್ಮಾಡ್ಲಿ? ಯಾರಿಗೆ ಬೆಳೀಲಿ?" ಅವನು ಕೋಣೆಯ ಕಡೆ ನೋಡಿದ, ಒಳಗೆ ಹೋಗಲಿಲ್ಲ. "ಔಷಧಿ ಹಾಕಿಲ್ಲ. ಬರೀ ಬೂದಿ. ಚೆನ್ನಾಗಿ ತೊಳಿ ತಾಯಿ" ಅಂದು, ಖಾಲಿ ಟವೆಲನ್ನು ಹೆಗಲಿಗೆ ಹಾಕಿಕೊಂಡು ಹೊರಟುಹೋದ.

ಹಾಗಾಗಿ ಒಂದೇ ಒಂದು ಸಲಕ್ಕೆ ಆಗುವಷ್ಟು ಜೋಳ, ತಪ್ಪಿದರೆ ಮತ್ತಿಲ್ಲ. ಖತೀಜಾ ರಾತ್ರಿ ಸುಣ್ಣದಲ್ಲಿ ಬೇಯಿಸಿಟ್ಟಳು. ನಸುಕಿನ ಸಹರಿ ಊಟವಾಗಿ ಬೆಳಗಾದ ಮೇಲೆ ತೊಳೆದು ಅರೆಯಲು ಕೂತಳು. ಆಗ ಅವಳಿಗೆ ಇನ್ನೊಂದು ಕಷ್ಟ ಎದುರಾಯಿತು. ಸುಣ್ಣ ಹೋಯಿತೋ ಇಲ್ಲವೋ ಅಂತ ಪ್ರತಿ ವರ್ಷ ಒಂದು ಕಾಳು ಕಚ್ಚಿ ನೋಡುತ್ತಿದ್ದಳು. ಚಟ್ನಿಯ ಉಪ್ಪನ್ನು ಅಂಗೈಗೆ ಹಚ್ಚಿಕೊಂಡು ನೆಕ್ಕುತ್ತಿದ್ದಳು. ಈಗ ರೋಜಾ. ಅಡುಗೆ ಮಾಡುವವಳು ನಾಲಿಗೆ ತುದಿಗೆ ಸೋಕಿಸಿ ಉಗಿದರೆ ತಪ್ಪಿಲ್ಲ ಅನ್ನುವವರಿದ್ದಾರೆ. ಆದರೆ ಅವಳ ಅಮ್ಮ ಹಾಗೆ ಕಲಿಸಿರಲಿಲ್ಲ. ಶ್ಯಾಮಲಮ್ಮನನ್ನು ಕೇಳಬಹುದಿತ್ತು. ಕೇಳಲಿಲ್ಲ, ಇದನ್ನು ಇನ್ನೊಬ್ಬರ ನಾಲಿಗೆಗೆ ಕೊಡಲು ಮನಸ್ಸಾಗಲಿಲ್ಲ. ಕೈಯ ಅಂದಾಜಿನ ಮೇಲೆ ಉಪ್ಪು ಹಾಕಿದಳು. ಹಾಕಿದ ಮೇಲೆ ಹಾಕಿದೆನೋ ಇಲ್ಲವೋ ಅನ್ನುವ ಅನುಮಾನ.

ಮಧ್ಯಾಹ್ನ ಇಳಿದ ಮೇಲಿನ ಮೂರನೇ ನಮಾಜು ಮುಗಿಸಿ, ಬಟ್ಟೆಯಲ್ಲಿ ಸುತ್ತಿದ ರೊಟ್ಟಿಗಳನ್ನೂ ಚಟ್ನಿಯನ್ನೂ ಹಿಡಿದು ಕೋಣೆಗೆ ಹೋದಳು. ಲೂಪಮ್ಮನನ್ನು ದಿಂಬಿಗೆ ಒರಗಿಸಿ ಕೂರಿಸಿದಳು. ರೊಟ್ಟಿಯ ಅಂಚಿನಿಂದ ಉಗುರಗಲದ ಚೂರು ಮುರಿದು, ಚಟ್ನಿಗೆ ಅದ್ದಿ, ಅವರ ನಾಲಿಗೆಯ ಮೇಲಿಟ್ಟಳು. ಲೂಪಮ್ಮ ಕಣ್ಣು ಮುಚ್ಚಿದರು.

ಖತೀಜಾ ಕಾದಳು. ಹೊರಗೆ ಯಾವುದೋ ಮಗು ಅತ್ತು ಸುಮ್ಮನಾಯಿತು.

ಲೂಪಮ್ಮನ ಕೆನ್ನೆಯ ಮೇಲೆ ನೀರು ಇಳಿಯಿತು. ಅದು ಸಂತೋಷವೇ ಅಂದುಕೊಂಡಳು ಖತೀಜಾ.

"ಬಂತಾ ಅಮ್ಮಾ?"

ಲೂಪಮ್ಮ ಚೂರನ್ನು ಬಾಯಿಂದ ತೆಗೆದು ಅಂಗೈಯಲ್ಲಿ ಇಟ್ಟುಕೊಂಡರು. "ಏನೂ ಗೊತ್ತಾಗ್ತಿಲ್ಲ ಕಣೇ. ಬಟ್ಟೆ ಚೂರು ಇಟ್ಟಂಗಿದೆ. ಖಾರವೂ ಇಲ್ಲ, ಹುಳಿಯೂ ಇಲ್ಲ. ನಾಲಿಗೆ ಸತ್ತುಹೋಗಿದೆ."

ಖತೀಜಾ ಸೆರಗಿನಿಂದ ಅವರ ತುಟಿ ಒರೆಸಿದಳು.

"ನೀನು ತಿಂದು ಹೇಳು. ನಿನ್ನ ಬಾಯಿಂದ ಕೇಳ್ತೀನಿ" ಅಂದರು ಲೂಪಮ್ಮ. ಆಮೇಲೆ ಅವಳ ಒಣಗಿದ ತುಟಿ ನೋಡಿ ನೆನಪಾಯಿತು. "ಅಯ್ಯೋ, ನಿನಗೆ ಉಪವಾಸ ಅಲ್ವಾ."

"ಮುರೀತೀನಿ ಅಮ್ಮ. ಆಮೇಲೆ ತೀರಿಸ್ಕೋತೀನಿ." ಅವಳ ಕೈ ಆಗಲೇ ರೊಟ್ಟಿಯ ಮೇಲಿತ್ತು.

"ಬೇಡ! ನಿನ್ನ ಉಪವಾಸ ಮುರಿದ ಪಾಪಕ್ಕೂ ನಾನೇ ಉತ್ತರ ಹೇಳಬೇಕಾ? ನಂದೇ ಬೇಕಾದಷ್ಟಿದೆ." ನಗಲು ಹೋಗಿ ಕೆಮ್ಮಿದರು. "ಸಂಜೆ ಆಗ್ಲಿ. ಕಾಯ್ತೀನಿ. ಎಲ್ಲಿ ಹೋಗ್ತೀನಿ ನಾನು?"

ಕಾದರು. ಖತೀಜಾ ರೊಟ್ಟಿಗಳನ್ನು ಸೆರಗಿನೊಳಗೆ ಮಡಿಲಲ್ಲಿ ಇಟ್ಟುಕೊಂಡು ಕೂತಳು, ಆರದಿರಲಿ ಅಂತ. ಲೂಪಮ್ಮ ಒಮ್ಮೆ ಮಂಪರಿಗೆ ಜಾರುತ್ತಿದ್ದರು, ಒಮ್ಮೆ ಎಚ್ಚರವಾಗಿ "ಆಯ್ತಾ?" ಅನ್ನುತ್ತಿದ್ದರು. "ಇನ್ನೂ ಇಲ್ಲಮ್ಮ." ಎದುರಿನ ದ್ರಾಕ್ಷಿ ತೋಟದ ಮೇಲೆ ಬಿಸಿಲು ಅಲುಗಾಡದೆ ನಿಂತ ಹಾಗಿತ್ತು. ಖತೀಜಾ ಜೀವಮಾನದಲ್ಲಿ ಹೊಟ್ಟೆ ಹಸಿದು ಸೂರ್ಯನನ್ನು ಬೈದವಳಲ್ಲ. ಅವತ್ತು ಬೈದಳು.

ಕೊನೆಗೆ ಹಳ್ಳಿಯ ಮಸೀದಿಯಿಂದ ಅಜಾನ್ ಕೇಳಿಸಿತು. ಖರ್ಜೂರ ತರಲು ಏಳಲಿಲ್ಲ ಅವಳು. ಬಿಸ್ಮಿಲ್ಲಾ ಅಂದು ರೊಟ್ಟಿಯಿಂದಲೇ ರೋಜಾ ಬಿಟ್ಟಳು.

"ಹೇಳು" ಅಂದರು ಲೂಪಮ್ಮ.

"ಉಪ್ಪು ಕಮ್ಮಿಯಾಗಿದೆ ಅಮ್ಮ ಚಟ್ನಿಗೆ."

"ಇರಲಿ. ರೊಟ್ಟಿ?"

ಖತೀಜಾ ನಿಧಾನಕ್ಕೆ ಅಗಿದಳು. ಹೊಗಳಲು ಮನಸ್ಸಾಯಿತು. ಆದರೆ ಸಾಯುವವರ ಮುಂದೆ, ಅದೂ ಸೂರ್ಯ ಮುಳುಗಿದ ಮಗ್ರಿಬ್ ನಮಾಜಿನ ಹೊತ್ತಿನಲ್ಲಿ ಸುಳ್ಳು ಬರಲಿಲ್ಲ. "ಮೊದಲು ಹೊಗೆ ಸಿಗುತ್ತೆ, ತೆನೆ ತೂಗುಹಾಕಿದ್ದ ಒಲೆದು. ಆಮೇಲೆ, ಸುಣ್ಣ ಬಳಿದ ಗೋಡೆಗೆ ನೀರು ಚಿಮುಕಿಸಿದರೆ ಬರುತ್ತಲ್ಲ, ಆ ವಾಸನೆ. ಅಗೀತಾ ಅಗೀತಾ ಸಿಹಿ. ಸ್ವಲ್ಪ ಸಿಹಿ, ಎಳೆ ತೆನೆಯ ಹಾಲುಗಾಳಿನ ಥರ. ಅಂಚು ಗಟ್ಟಿಯಾಗಿದೆ. ಚಟ್ನಿ ಹುಳಿ ಬಂದು ಅದನ್ನ ಕೆಳಗೆ ತಳ್ಳುತ್ತೆ."

ಲೂಪಮ್ಮನ ದವಡೆ ಸಣ್ಣಗೆ ಆಡುತ್ತಿತ್ತು.

"ಬಂತಾ ಅಮ್ಮಾ?" ಖತೀಜಾ ಕೇಳಿದಳು. "ನಿಮ್ಮಮ್ಮಂದು ಹೀಗೇನಾ?"

ಲೂಪಮ್ಮ ತಲೆ ಅಲ್ಲಾಡಿಸಿದರು. "ನಮ್ಮಮ್ಮನ ರೊಟ್ಟಿ ರುಚಿ ನನಗೆ ನೆನಪಿಲ್ಲ ಖತೀಜಾ. ಯಾವತ್ತೋ ಮರ್ತುಹೋಯ್ತು. ಕಲ್ಲು ನೆನಪಿದೆ, ಅವಳ ಮೊಣಕೈ ನೆನಪಿದೆ. ರುಚಿ ಇಲ್ಲ. ನೆನಪು ಮಾಡ್ಕೊಂಡ್ರೆ ನಿನ್ನ ರೊಟ್ಟೀನೇ ಬರೋದು."

"ಮತ್ತೆ ಇಷ್ಟು ವರ್ಷ ಹತ್ತಿರ ಬಂತು, ಹತ್ತಿರ ಬಂತು ಅಂದ್ರಲ್ಲ?" ಖತೀಜಾಳ ದನಿ ಜೋರಾಯಿತು.

"ಬಂತು ಅನ್ನಕ್ಕೆ ನನಗೇ ಗೊತ್ತಿರಲಿಲ್ಲ. ಬರಲಿಲ್ಲ ಅಂದ್ರೆ ನೀನು ಬಿಟ್ಬಿಡ್ತೀಯೇನೋ ಅಂತ ಭಯ." ಮಾತು ನಿಂತು ನಿಂತು ಬಂತು. "ಅಮ್ಮನ್ನ ಮರ್ತೆ ಅಂತ ಯಾರ ಹತ್ತಿರ ಹೇಳ್ಲಿ?"

ಖತೀಜಾಗೆ ಎದ್ದು ಹೊರಗೆ ಹೋಗಬೇಕು ಅನ್ನಿಸಿತು. ಎಷ್ಟು ಸುಣ್ಣ, ಎಷ್ಟು ಸೌದೆ, ಇಟ್ಟಿಗೆ ಕೊಟ್ಟು ಅರೆದದ್ದೆಲ್ಲ, ಇಲ್ಲದ ಗುರಿಗೆ ಕಲ್ಲು ಹೊಡೆದ ಹಾಗೆ. ಬೀಜದ ಜೋಳವೂ ಮುಗಿಯಿತು. ಅವಳು ಕಾಯುತ್ತಿದ್ದ ಆ ಒಂದು ಮಾತನ್ನು ಹೇಳಬಲ್ಲವರು ಈ ಲೋಕದಲ್ಲಿ ಯಾರೂ ಇರಲಿಲ್ಲ, ಮೊದಲಿನಿಂದಲೂ ಇರಲಿಲ್ಲ. ಅವಳು ಗೋಡೆಯ ಕಡೆ ತಿರುಗಿ ಕೂತಳು.

"ಕೋಪ ಬಂತಾ?" ಹಿಂದಿನಿಂದ ಕೇಳಿಸಿತು.

"ಹೂಂ."

"ಕೋಪ ಮಾಡ್ಕೊಂಡೇ ಇನ್ನೊಂದು ತಿನ್ನು. ಹೇಳ್ತಾ ಇರು. ನನಗೆ ಹಸಿವಾಗ್ತಿದೆ."

ಖತೀಜಾ ಕಣ್ಣೊರೆಸಿಕೊಂಡು ಈ ಕಡೆ ತಿರುಗಿದಳು. ಎರಡನೇ ರೊಟ್ಟಿ ಬಿಚ್ಚಿದಳು. ತುತ್ತು ಬಾಯಿಗಿಟ್ಟಳು. ನೀರು ಕುಡಿದು ಇಳಿಸಿದಳು. ಇದರ ನಡುವಿನಲ್ಲಿ ಒಂದು ಕಡೆ ಸೀದಿದೆ ಅಂದಳು. ಸೀದಲ್ಲಿ ಕಹಿ, ಆದರೆ ಚೆನ್ನಾಗಿರುವ ಕಹಿ ಅಂದಳು. ಇಲ್ಲೊಂದು ಕಾಳು ನೆಟ್ಟಗೆ ಅರೆದಿಲ್ಲ, ಹಲ್ಲಿಗೆ ಸಿಕ್ಕಿತು ಅಂದಳು. ಲೂಪಮ್ಮ "ಹೂಂ" ಅನ್ನುತ್ತಿದ್ದರು. ಆಮೇಲೆ "ಹೂಂ" ಅನ್ನುವುದು ನಿಂತು ಉಸಿರು ಮಾತ್ರ ಕೇಳಿಸಿತು. ನಿದ್ದೆ ಬಂದಿತ್ತು. ಖತೀಜಾ ಒಂದು ಗಳಿಗೆ ಸುಮ್ಮನಾದಳು. ಲೂಪಮ್ಮನ ಹುಬ್ಬು ಗಂಟಾಯಿತು. ಅವಳು ಮೂರನೆಯದನ್ನು ಮುರಿದು ಬಾಯಿಗಿಟ್ಟು, ಮತ್ತೆ ಹೇಳತೊಡಗಿದಳು, ಇದು ಆರಿಹೋಗಿದೆ ಅಮ್ಮ, ಆರಿದ್ರೂ ಮೆತ್ತಗೇ ಇದೆ.